ಡಿಂಗಲ್‌ಗೆ ಹೊರಟ ಪ್ರಸ್ಥಾನದ ಚೀಲ

ನಮ್ಮ ಅಕ್ಕನ ಮೊಮ್ಮಗಳು ಈಚೆಗೆ ಒಂದು ಟ್ರಾವೆಲ್ ಕಂಪನಿಗೆ ಕೆಲಸಕ್ಕೆ ಸೇರಿದ್ದಾಳೆ. ಅವಳ ಹುದ್ದೆಯ ಹೆಸರು ‘ಎಕ್ಸ್‌ಪೀರಿಯನ್ಸ್ ಡಿಸೈನರ್’ ಅಂತೆ. ನಾನೂ ಬದುಕಿಡೀ ಮಾಡಿದ್ದು ಅದೇ ಕೆಲಸವನ್ನು. ಟೊರಾಂಟೊದ ಸ್ಕಾರ್‌ಬರೋದಲ್ಲಿ ನನ್ನ ಹುದ್ದೆಯ ಹೆಸರು ‘ಟಿಕೆಟ್ ಆಂಟಿ’ ಎಂದಿತ್ತು, ಅಷ್ಟೇ ವ್ಯತ್ಯಾಸ. ಮೊನ್ನೆ ಊಟಕ್ಕೆ ಬಂದಿದ್ದ ಹುಡುಗಿ ಫೋನಿನಿಂದ ಕಣ್ಣೆತ್ತದೆ, “ಅಜ್ಜಿ, ಎನಿ ಟಿಪ್ಸ್ ಫಾರ್ ಮಿ?” ಎಂದು ಕೇಳಿದಳು. ಹೇಳತೊಡಗಿದರೆ ಸಾರು ಆರಿಹೋಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳಬೇಕು. ತಾಯಿ ಮಗಳು ಅರ್ಧ ಗಂಟೆ ಒಂದೇ ಸೋಫಾದಲ್ಲಿ ಕೂತರೂ ಈ ಬರಹ ಸಾರ್ಥಕ.

ಬಡ್ತಿಯ ಬಗ್ಗೆ ಬರೆಯಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಕೆಲಸಕ್ಕೆ ಸೇರಿದಾಗ ನನ್ನ ಕುರ್ಚಿಗೆ ಚಕ್ರ ಇರಲಿಲ್ಲ, ಬಿಡುವ ಹೊತ್ತಿಗೆ ಇತ್ತು. ನಮ್ಮ ಆಫೀಸು ರಸ್ತೆಬದಿಯ ಒಂದು ಅಂಗಡಿಸಾಲಿನಲ್ಲಿತ್ತು, ಅಲ್ಲಿಯವರ ಮಾತಿನಲ್ಲಿ ಸ್ಟ್ರಿಪ್ ಮಾಲು. ಎಡಕ್ಕೆ ಸಮೋಸ ಅಂಗಡಿ, ಬಲಕ್ಕೆ ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಕಾಯಿನ್ ಲಾಂಡ್ರಿ. ನಾವು ಕೊಟ್ಟ ಟಿಕೆಟ್ಟುಗಳು ಬೇಸಿಗೆಯಲ್ಲಿ ಕರಿದೆಣ್ಣೆಯ ವಾಸನೆ, ಚಳಿಗಾಲದಲ್ಲಿ ಸೋಪಿನ ವಾಸನೆ ಹೊತ್ತುಕೊಂಡು ಜಗತ್ತನ್ನೆಲ್ಲ ಸುತ್ತಿವೆ.

ಯಜಮಾನರು ಜಯಂತ್‌ಭಾಯಿ, ನೈರೋಬಿಯಿಂದ ಬಂದ ಗುಜರಾತಿ. ಅವರ ವ್ಯಾಪಾರದ ತತ್ವ ಒಂದೇ. “ವಿಮಲಾಬೆನ್, ಗ್ರಾಹಕ್ ಕೋ ಕಭೀ ‘ನಾ’ ನಹೀಂ ಬೋಲನೇಕಾ. ‘ದೇಖತೇ ಹೈಂ’ ಬೋಲನೇಕಾ.” ‘ಇಲ್ಲ’ ಎನ್ನದೆ ‘ನೋಡೋಣ’ ಎನ್ನುವ ಈ ತತ್ವವನ್ನು ಪಾಲಿಸುವವರು ಅವರು, ಅದರ ಫಲ ಉಣ್ಣುವವಳು ನಾನು. ಬೆಳಿಗ್ಗೆ ಪ್ಯಾರಿಸ್ಸಿನಿಂದ ಹೊರಟು ರೋಮ್ ನೋಡಿ ಸಂಜೆ ಊಟಕ್ಕೆ ಪ್ಯಾರಿಸ್ಸಿಗೇ ಬಂದುಬಿಡುವ ರೈಲು ಇದೆಯೇ ಎಂದು ಯಾರೋ ಕೇಳುತ್ತಿದ್ದರು. ಜಯಂತ್‌ಭಾಯಿ ಒಳಗಿನಿಂದಲೇ “ದೇಖತೇ ಹೈಂ” ಎನ್ನುತ್ತಿದ್ದರು. ನೋಡುತ್ತಾ ಕೂರುವ ಸರದಿ ನನ್ನದು.

ಕೆಲಸದ ರೀತಿ ಬದಲಾಯಿತು ಎಂದು ಎಲ್ಲರೂ ಹೇಳುತ್ತಾರೆ. ನಾನು ಸೇರಿದಾಗ ಟಿಕೆಟ್ಟನ್ನು ಕೈಯಲ್ಲಿ ಬರೆಯುತ್ತಿದ್ದೆವು. ಅಡಿಯಲ್ಲಿ ಕೆಂಪು ಕಾರ್ಬನ್, ಸಂಜೆ ಬೆರಳೆಲ್ಲ ಕುಂಕುಮ. ಆಮೇಲೆ ಹಸಿರು ಅಕ್ಷರದ ಕಂಪ್ಯೂಟರ್ ಬಂತು, ಆಮೇಲೆ ಇಂಟರ್ನೆಟ್ಟು. ನಿಜವಾಗಿ ಬದಲಾದದ್ದು ಇಷ್ಟು: ಮೊದಲು ಜನ ನಮ್ಮನ್ನು ಕೇಳಲು ಬರುತ್ತಿದ್ದರು, ಆಮೇಲೆ ನಮಗೆ ಹೇಳಲು ಬರತೊಡಗಿದರು. ಹೋಟೆಲಿನ ಟವೆಲ್ ಎಷ್ಟು ದಪ್ಪ ಎಂಬುದರವರೆಗೆ ಓದಿಕೊಂಡು ಬಂದಿರುತ್ತಿದ್ದರು. ಪಾಸ್‌ಪೋರ್ಟಿನ ಅವಧಿ ಮುಗಿದದ್ದನ್ನು ಮಾತ್ರ ಓದಿರುತ್ತಿರಲಿಲ್ಲ.

ನನ್ನ ಕೈಯಿಂದಲೂ ಎಡವಟ್ಟುಗಳಾಗಿವೆ. ಐರ್ಲೆಂಡಿಗೆ ಹೊರಟಿದ್ದ ಒಂದು ಜೋಡಿಗೆ ಬಾಡಿಗೆ ಕಾರು ಗೊತ್ತು ಮಾಡುವಾಗ ‘ಆಟೋಮ್ಯಾಟಿಕ್’ ಎಂದು ಹೇಳುವುದನ್ನು ಮರೆತಿದ್ದೆ. ಬಾಯಿಬಿಟ್ಟು ಕೇಳದಿದ್ದರೆ ಅಲ್ಲಿ ಗೇರಿನ ಗಾಡಿಯನ್ನೇ ಕೊಡುವ ರೂಢಿ. ಗಂಡ ಧೈರ್ಯವಂತರು. “ಊರಲ್ಲಿ ಜೀಪ್ ಓಡಿಸಿದವನು ನಾನು” ಎಂದು ಹತ್ತಿಯೇಬಿಟ್ಟರು. ಕೆನಡಾದ ಬಲಗಡೆಗೆ ಒಗ್ಗಿಹೋದವರು ಮತ್ತೆ ಎಡಗಡೆ ಓಡಿಸಬೇಕು, ಎಡಗೈಯಲ್ಲಿ ಗೇರು ಹಾಕಬೇಕು, ರಸ್ತೆ ನಮ್ಮ ಬೇಸ್‌ಮೆಂಟಿನ ಮೆಟ್ಟಿಲಿನಷ್ಟು ಅಗಲ, ಎರಡೂ ಕಡೆ ಕಲ್ಲಿನ ಗೋಡೆ. ಮಧ್ಯಾಹ್ನದ ಹೊತ್ತಿಗೆ ಒಂದು ಕನ್ನಡಿ ಹೋಗಿತ್ತು, ಸಂಜೆಗೆ ದಾಂಪತ್ಯದ ಮಾತುಕತೆ ನಿಂತಿತ್ತು. ಅಂದಿನಿಂದ ಐರ್ಲೆಂಡ್ ಎಂದವರಿಗೆ ನಾನು ಮೊದಲು ಹೇಳುತ್ತಿದ್ದದ್ದು ಆಟೋಮ್ಯಾಟಿಕ್ ಗಾಡಿಯ ಮಾತು. ಅದಾದ ಮೇಲೆ ಕಲಿತ ಉಳಿದ ಪಾಠಗಳನ್ನೂ ಹೇಳಿಬಿಡುತ್ತೇನೆ. ಭಾನುವಾರ ಸಣ್ಣ ಊರಿನ ಬಸ್ಸನ್ನು ನಂಬಬೇಡಿ. ಹೋಟೆಲಿನ ಅಡುಗೆಮನೆ ಬೇಗ ಮುಚ್ಚುತ್ತದೆ, ಎಂಟೂವರೆಗೆ ಹೋಗಿ ಮೆನು ಕೇಳಬೇಡಿ. ಹಾಲಿನ ಸಿಹಿತಿಂಡಿಯನ್ನು ಆ ದೇಶದೊಳಗೆ ಬಿಡುವುದಿಲ್ಲ, ಪೇಡೆ ಕಸ್ಟಮ್ಸಿನವರ ಪಾಲು. ಭಾರತದ ಪಾಸ್‌ಪೋರ್ಟ್ ಇದ್ದರೆ ಐರ್ಲೆಂಡಿನ ವೀಸಾ ಬೇರೆ, ಉತ್ತರಕ್ಕಿರುವ, ಬ್ರಿಟನ್ನಿಗೆ ಸೇರಿದ ಬೆಲ್‌ಫಾಸ್ಟಿಗೆ ಕಾಲಿಡಲು ಬ್ರಿಟನ್ನಿನ ವೀಸಾ ಬೇರೆ.

ಇದೆಲ್ಲ ನಿಮ್ಮ ಫೋನಿನಲ್ಲೂ ಸಿಗುತ್ತದೆ. ಫೋನಿನಲ್ಲಿ ಸಿಗದ ಒಂದು ವಿಷಯವಿದೆ, ಅದು ಪ್ರಸ್ಥಾನ.

ಪ್ರಯಾಣದ ದಿನ ಒಳ್ಳೆಯದಲ್ಲ ಎಂದಾದರೆ ನಮ್ಮವರು ಅದಕ್ಕೂ ಮೊದಲೇ ಒಂದು ಒಳ್ಳೆಯ ಹೊತ್ತು ನೋಡಿ, ಪ್ರಯಾಣಿಕರ ಸಾಮಾನಿನಲ್ಲಿ ಒಂದನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಾರೆ. ಅಲ್ಲಿಗೆ ಪ್ರಯಾಣ ಆ ಒಳ್ಳೆಯ ಹೊತ್ತಿನಲ್ಲೇ ಶುರುವಾಯಿತು ಎಂದು ಲೆಕ್ಕ. ಆಮೇಲೆ ಯಾವ ಕೆಟ್ಟ ಗಳಿಗೆಯಲ್ಲಿ ಹೊರಟರೂ ಚಿಂತೆಯಿಲ್ಲ. ವಿಮಾನದ ಕಂಪನಿಗಳು ರಾಹುಕಾಲ ನೋಡಿ ವೇಳಾಪಟ್ಟಿ ಮಾಡುವುದಿಲ್ಲವಾದ್ದರಿಂದ ಕೆನಡಾದಲ್ಲಿ ಈ ಪದ್ಧತಿಗೆ ಊರಿಗಿಂತ ಹೆಚ್ಚು ಬೇಡಿಕೆ ಬಂತು. ಆದರೆ ಚೀಲವನ್ನು ಇಡುವುದು ಎಲ್ಲಿ? ಪಕ್ಕದ ಮನೆಯ ಇಟಾಲಿಯನ್ ಮುದುಕನಿಗೆ, “ಸ್ವಾಮಿ, ಅಷ್ಟಮಿ ಕಳೆಯುವವರೆಗೆ ಇದು ನಿಮ್ಮಲ್ಲಿರಲಿ” ಎಂದು ವಿವರಿಸುವುದು ಹೇಗೆ? ಹಾಗಾಗಿ ಒಬ್ಬರನ್ನು ನೋಡಿ ಒಬ್ಬರು ನಮ್ಮ ಆಫೀಸಿಗೇ ತಂದಿಡತೊಡಗಿದರು. ಜಯಂತ್‌ಭಾಯಿ “ದೇಖತೇ ಹೈಂ” ಎಂದರು. ಫೋಟೋಕಾಪಿ ಯಂತ್ರದ ಹಿಂದಿನ ಮೂಲೆ ಪ್ರಸ್ಥಾನದ ಮೂಲೆಯಾಯಿತು.

ಒಳ್ಳೆಯ ಹೊತ್ತು ಯಾವ ದೇಶದ್ದು ಎಂಬ ಜಗಳವೂ ನನ್ನ ಮೇಜಿನ ಮೇಲೇ ನಡೆಯುತ್ತಿತ್ತು. ಬಂದ ಜೋಡಿಯಲ್ಲಿ ಹೆಂಡತಿ, ಭಾರತದ ಅಂಗಡಿಗಳಿರುವ ಜೆರಾರ್ಡ್ ಬಜಾರಿನ ಸೀರೆ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರ್ ತರುತ್ತಿದ್ದಳು. ಗಂಡ ಹುಬ್ಬಳ್ಳಿಯಲ್ಲಿದ್ದ ತಾಯಿಗೆ ಫೋನ್ ಹಚ್ಚುತ್ತಿದ್ದ. ಆ ತಾಯಿ ಹುಬ್ಬಳ್ಳಿಯ ಸೂರ್ಯನನ್ನು ನೋಡಿ ಹೊತ್ತು ಹೇಳುತ್ತಿದ್ದರು. ಒಂದು ಸಲವಂತೂ ಒಂದು ಕುಟುಂಬದವರು ಅತ್ಯಂತ ಮುಖ್ಯವಾದ ಸಾಮಾನನ್ನೇ ಇಡಬೇಕೆಂದು ಮನೆಮಂದಿಯ ಪಾಸ್‌ಪೋರ್ಟುಗಳನ್ನು ಚೀಲದಲ್ಲಿಟ್ಟು, ಬಾಯಿ ಹೊಲಿದು, ನಮ್ಮ ಮೂಲೆಯಲ್ಲಿ ಇಟ್ಟುಹೋದರು. ಸೋಮವಾರವೂ ರಜೆಯಿದ್ದ ಲಾಂಗ್ ವೀಕೆಂಡು. ಅವರು ಏರ್‌ಪೋರ್ಟಿನಲ್ಲಿ, ಪಾಸ್‌ಪೋರ್ಟು ಆಫೀಸಿನಲ್ಲಿ, ಆಫೀಸಿನ ಚಾವಿ ಜಯಂತ್‌ಭಾಯಿಯ ಕಿಸೆಯಲ್ಲಿ, ಜಯಂತ್‌ಭಾಯಿ ನ್ಯೂಜೆರ್ಸಿಯ ಮದುವೆಯಲ್ಲಿ. ಮುಂದೆ ಒಂದು ಚಾವಿ ನನ್ನ ಕೈಗೂ ಬಂತು, ಆ ಮೂಲೆಗೆ ನಾನೊಂದು ಫಲಕ ತೂಗುಹಾಕಿದೆ: ಪಾಸ್‌ಪೋರ್ಟು, ಔಷಧಿ, ಹಲ್ಲಿನ ಸೆಟ್ಟು ಇಲ್ಲಿ ಇಡಬಾರದು. ಹಲ್ಲಿನ ಸೆಟ್ಟಿನ ಕಥೆ ಬೇಡ ಬಿಡಿ.

ಇನ್ನು ಡಿಂಗಲ್. ಐರ್ಲೆಂಡಿನ ಪಶ್ಚಿಮ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ನೆಲದ ಮೇಲಿನ ಪುಟ್ಟ ಊರು. ಬಣ್ಣ ಬಳಿದ ಅಂಗಡಿಗಳು, ಒಂದು ಬಂದರು, ಬೇಸಿಗೆಯಲ್ಲಿ ಊರಿನವರಿಗಿಂತ ಹೆಚ್ಚು ಪ್ರವಾಸಿಗಳು. ನಾನು ನಿವೃತ್ತಳಾಗುವ ಹಿಂದಿನ ವರ್ಷ ಕಸ್ತೂರಕ್ಕ ಆ ಊರಿನ ಹೆಸರು ಹಿಡಿದುಕೊಂಡು ಬಂದಳು.

ಕಸ್ತೂರಕ್ಕ ಬೆಳಗಾವಿ ಕಡೆಯವಳು. ಟೊರಾಂಟೊದ ಉತ್ತರಕ್ಕಿರುವ ವಾನ್ ಊರಿನಲ್ಲಿ ಮನೆ, ಅಲ್ಲೇ ಒಂದು ಬ್ರೆಡ್ ಫ್ಯಾಕ್ಟರಿಯ ಪ್ಯಾಕಿಂಗ್ ಬೆಲ್ಟಿನ ಮುಂದೆ ನಿಂತು ದುಡಿದು ರಿಟೈರ್ ಆದವಳು. ಗಂಡ ಶ್ರೀಪಾದರಾಯರು ವೇರ್‌ಹೌಸಿನಲ್ಲಿ ಸೂಪರ್‌ವೈಸರ್ ಆಗಿದ್ದವರು, ಈಗ ಪಂಚಾಂಗಕ್ಕೆ ಸೂಪರ್‌ವೈಸರ್. ಕಸ್ತೂರಕ್ಕ ಮಾಡಿದ ತಪ್ಪು ಒಂದೇ. ನಮ್ಮವರ ಯುಗಾದಿ ಊಟದ ಸಾಲಿನಲ್ಲಿ ಕೂತು, “ಡಿಂಗಲ್‌ದಾಗ ನನ್ನ ಗೆಳತಿ ಇದ್ದಾಳ, ನೋಡಿ ಬರಬೇಕಂತ ಮಾಡೀನಿ” ಎಂದಳು. ಎದುರಿನ ಎಲೆಯಲ್ಲಿ ಡಾಕ್ಟರ್ ಅನಂತಯ್ಯನವರಿದ್ದರು.

ಡಾಕ್ಟರ್ ಅನಂತಯ್ಯ ಮೈಸೂರಿನವರು, ಬಹಳ ಹಿಂದೆಯೇ ಬಂದು ನೆಲೆಸಿದ ದೊಡ್ಡ ಮನುಷ್ಯರು. ರಿಟೈರ್ ಆದ ಮೇಲೆ ಅವರಿಗೆ ರೋಗಿಗಳಿಲ್ಲದೆ ಬೇಸರವಾಗಿ, ಪ್ರವಾಸಿಗಳನ್ನು ಹಿಡಿದಿದ್ದರು. ಅವರಿಗಿದ್ದ ಕಾಯಿಲೆಯನ್ನು ನಾನು ‘ಹೇಗೂ’ ಎಂದು ಕರೆಯುತ್ತಿದ್ದೆ. ನಾಲ್ಕಾರು ಜೋಡಿಗಳನ್ನು ಕಟ್ಟಿಕೊಂಡು ಒಂದು ಶನಿವಾರ ಆಫೀಸಿಗೆ ಬಂದರು.

“ನೋಡಿಮ್ಮಾ ವಿಮಲಾ, ಹೇಗೂ ಡಿಂಗಲ್‌ಗೆ ಹೋಗ್ತಿದ್ದೀವಿ, ಗಾಲ್‌ವೇ ಸೇರಿಸಿಬಿಡಿ. ಹೇಗೂ ಅಲ್ಲೀತನಕ ಹೋದ್ಮೇಲೆ ಬೆಲ್‌ಫಾಸ್ಟ್ ಬಿಡೋದು ಮೂರ್ಖತನ. ಬೆಲ್‌ಫಾಸ್ಟಿಂದ ಸ್ಕಾಟ್ಲೆಂಡಿಗೆ ಒಂದು ಫೆರಿ, ಎದ್ದು ಕೂರೋಷ್ಟ್ರಲ್ಲಿ ಹೋಗ್ಬಿಡುತ್ತೆ.”

“ಇಂಡಿಯನ್ ಪಾಸ್‌ಪೋರ್ಟ್ ಇರೋರಿಗೆ ಎರಡು ವೀಸಾ ಬೇಕಾಗ್ತದ ಡಾಕ್ಟರೇ” ಎಂದೆ.

“ಅದೆಲ್ಲ ಪೇಪರ್‌ವರ್ಕು. ಯು ಹ್ಯಾಂಡಲ್ ಇಟ್.”

ಒಳಗಿನಿಂದ ಧ್ವನಿ ಬಂತು. “ದೇಖತೇ ಹೈಂ, ಡಾಕ್ಟರ್‌ಸಾಬ್!”

ಗುಂಪಿನಲ್ಲಿ ಭಾರತದ ಪಾಸ್‌ಪೋರ್ಟನ್ನು ಬಿಡದೆ ಇಟ್ಟುಕೊಂಡವರು ಇಬ್ಬರು, ಅವರಲ್ಲಿ ಶ್ರೀಪಾದರಾಯರೊಬ್ಬರು. ಕಸ್ತೂರಕ್ಕ ಎಂದೋ ಕೆನಡಾದ ಪಾಸ್‌ಪೋರ್ಟ್ ತೆಗೆದುಕೊಂಡಿದ್ದಳು, ಅವಳಿಗೆ ವೀಸಾದ ತಂಟೆಯಿಲ್ಲ. ಡಾಕ್ಟರು ಮೇಜಿನ ಮೇಲೆ ನಕ್ಷೆ ಹರಡಿ ಬೆರಳೋಡಿಸುತ್ತಾ ಹೋದಂತೆ ಊರುಗಳು ಹೆಚ್ಚಿದವು, ಡಿಂಗಲ್ ಕರಗಿತು. ಮೊದಲು ಒಂದು ವಾರವಿದ್ದದ್ದು ಎರಡು ರಾತ್ರಿಯಾಯಿತು, ಆಮೇಲೆ ಒಂದು ರಾತ್ರಿ, ಕೊನೆಗೆ ಬಸ್ಸು ನಿಲ್ಲಿಸಿ ಮಧ್ಯಾಹ್ನದ ಊಟ ಮಾಡುವಷ್ಟು ಹೊತ್ತು. ಯಾರ ಮಾತಿನಿಂದ ಇಷ್ಟೆಲ್ಲ ಹುಟ್ಟಿತೋ ಆ ಕಸ್ತೂರಕ್ಕ ಹಿಂದಿನ ಸಾಲಿನ ಕುರ್ಚಿಯಲ್ಲಿ ಪರ್ಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನಕ್ಷೆ ನೋಡುವುದರಲ್ಲಿ ಮುಳುಗಿದ್ದೆ.

ಮುಂದಿನ ವಾರ ಅವಳು ಒಬ್ಬಳೇ ಬಂದಳು. ವಾನ್‌ನಿಂದ ಬಸ್ಸು, ಸಬ್‌ವೇ, ಮತ್ತೆ ಬಸ್ಸು.

“ಮನ್ಯಾಗ ಜೆರಾರ್ಡಿಗೆ ಕಾಯಿಪಲ್ಯಾ ತರ್ಲಿಕ್ಕೆ ಹೊಂಟೀನಿ ಅಂತ ಹೇಳೀನ್ರಿ” ಎಂದು ಕುರ್ಚಿಯ ತುದಿಯಲ್ಲಿ ಕೂತಳು. “ವಿಮಲಕ್ಕ, ಆ ಊರಾಗ ಒಂದ ವಾರ ಇರೂ ಹಂಗ ಮಾಡ್ಲಿಕ್ಕೆ ಬರ್ತದೇನ್ರಿ? ಬ್ಯಾರೆ ಏನೂ ನೋಡೂದು ಬ್ಯಾಡ ನನಗ.”

ಯಾಕೆ ಎಂದು ಕೇಳಿದೆ. ಆಗ ನೋರೀನಳ ವಿಷಯ ಹೇಳಿದಳು. ನೋರೀನ್ ಡಿಂಗಲ್‌ನವಳು, ಹರೆಯದಲ್ಲಿ ಕೆನಡಾಕ್ಕೆ ಬಂದು, ಅದೇ ಬ್ರೆಡ್ ಫ್ಯಾಕ್ಟರಿಯಲ್ಲಿ ದುಡಿದು, ರಿಟೈರ್ ಆದ ಮೇಲೆ ಹುಟ್ಟಿದ ಊರಿಗೆ ಮರಳಿದವಳು.

“ಬೆಲ್ಟಿನ ಆಚೀಕಡೆ ಆಕಿ, ಈಚೀಕಡೆ ನಾ. ಮಷಿನ್ ಸಪ್ಪಳಾ ಎಷ್ಟಂದ್ರ, ಒದರಿದ್ರೂ ಕೇಳಸ್ತಿರ್ಲಿಲ್ಲ. ಮೊದಲ ನನಗ ಇಂಗ್ಲಿಷೂ ಬರ್ತಿರ್ಲಿಲ್ಲ. ಮಾರಿ ನೋಡೇ ಎಲ್ಲಾ ತಿಳ್ಕೋತಿದ್ವಿ. ಸೂಪರ್‌ವೈಸರ್ ಬಂದ, ಕಾಲು ನೋಯಾಕತ್ತಾವು, ಮನ್ಯಾಗ ಜಗಳಾಗೇದ, ಎಲ್ಲಾ ಮಾರಿ ಮ್ಯಾಲೇನ. ಇವ್ರ ಮಾರಿನೂ ನಾ ಅಷ್ಟು ವರ್ಷ ಅಷ್ಟು ಹೊತ್ತು ನೋಡಿಲ್ರಿ.”

“ಈಗ?”

“ಈಗ ಆಕಿ ಕಣ್ಣ ಹೋಗಾಕತ್ತಾವು. ನಡುವ ನೋಡಿದ್ರ ಕರೀ ಮಚ್ಚಿ ಕಂಡಂಗ ಆಗ್ತದಂತ. ಫೋನಿನ್ಯಾಗ ನಾ ಕಾಣಂಗಿಲ್ಲ ಆಕಿಗೆ. ಬಿಸಲಾಗ, ಸನೇಕ ಹಿಡಕೊಂಡು, ಓರೆ ಮಾಡಿ ನೋಡಿದ್ರ ಇನ್ನೂ ಕಾಣತದಂತ. ಬ್ಯಾಸಗಿ ಮುಗದ ಮ್ಯಾಲೆ ಅದೂ ಇರತದೋ ಇಲ್ಲೋ ಅಂತ ಅಲ್ಲಿ ಕಣ್ಣಿನ ಡಾಕ್ಟರ್ ಹೇಳ್ಯಾರ. ‘ಕಸ್ತೂರಿ, ಕಮ್ ವೈಲ್ ಐ ಕ್ಯಾನ್ ಸೀ ಯೂ’ ಅಂದ್ಲು.” ಅವಳು ಪರ್ಸಿನ ಝಿಪ್ಪು ಎಳೆಯುತ್ತಾ ಮುಚ್ಚುತ್ತಾ ಕೂತಳು. “ಇದನ್ನೆಲ್ಲಾ ಅಷ್ಟು ಮಂದಿ ಮುಂದ ಹ್ಯಾಂಗ ಹೇಳ್ಲಿ? ನಕ್ಕಾರು.”

ನನಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ವರ್ಷ ಜನರನ್ನು ಜಲಪಾತ ನೋಡಲು, ಗೋಪುರ ನೋಡಲು, ಅಂಗಡಿ ನೋಡಲು ಕಳಿಸಿದ್ದೆ. ತನ್ನನ್ನು ಯಾರೋ ನೋಡಬೇಕು, ಅದಕ್ಕಾಗಿ ಹೋಗಬೇಕು ಎಂದವರು ಯಾರೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಬೆಳಕು. ಜೂನ್ ತಿಂಗಳಲ್ಲಿ ಆ ಊರಿನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೆ ಬೆಳಕಿರುತ್ತದೆ. ಗುಂಪಿನ ವಿಮಾನಗಳೂ ಜೂನಿಗೇ ಇದ್ದದ್ದು ಒಂದು ಸಮಾಧಾನ. ಊರಿನಲ್ಲಿ ಒಂದು ರಾತ್ರಿಯಾದರೂ ಉಳಿಯಲಿ ಎಂದು ಡಾಕ್ಟರಿಗೆ ಫೋನ್ ಮಾಡಿದೆ. “ಆ ಊರಲ್ಲಿ ನೋಡೋಕೇನಿದೆಮ್ಮಾ, ಒಂದು ಬೀದಿ!” ಎಂದರು.

ಅಷ್ಟರಲ್ಲಿ ಪಂಚಾಂಗ ಎದ್ದು ಕೂತಿತು. ವಿಮಾನದ ದಿನ ಸರಿಯಿಲ್ಲವೆಂದು ಶ್ರೀಪಾದರಾಯರು ಕಂಡುಹಿಡಿದರು. ಅದಕ್ಕೂ ಮೊದಲಿನ ಒಂದು ಗುರುವಾರ ಬೆಳಿಗ್ಗೆ ಒಳ್ಳೆಯ ಹೊತ್ತಿತ್ತು. ಆ ಗುರುವಾರ, ನಾನು ಆಫೀಸಿನ ಬಾಗಿಲು ತೆರೆಯುವ ಮೊದಲೇ ಅವರು ಹೊರಗೆ ನಿಂತಿದ್ದರು, ಕೈಯಲ್ಲಿ ಒಂದು ಕೆಂಪು ಚೀಲ.

“ಯಾರ ಚೀಲ ರಾಯರೇ ಇದು?”

“ಕಸ್ತೂರೀದು. ನಂದು ಇನ್ನೂ ಪ್ಯಾಕ್ ಆಗಿಲ್ಲ. ನನ್ನ ಶರ್ಟು ಪ್ಯಾಂಟು ಇಲ್ಲಿ ಇಟ್ರ ಅಲ್ಲೀತನಕ ಏನ ಹಾಕ್ಕೊಳ್ಲಿ? ಆಕೀ ಹಂತೇಕ ಸೀರಿ ಬೇಕಾದಷ್ಟು ಅವ. ಸದ್ಯ ಆಕೀದು ಇರ್ಲಿ, ನಂದು ಹಿಂದಿಂದ ನೋಡೂಣು.”

ಹೆಂಡತಿಯ ಎರಡು ಸೀರೆ, ಒಂದು ಸ್ವೆಟರ್ ಇದ್ದ ಚೀಲವನ್ನು ಪೂರ್ವಕ್ಕೆ ಮುಖ ಮಾಡಿಸಿ ಫೋಟೋಕಾಪಿ ಯಂತ್ರದ ಹಿಂದೆ ಇಟ್ಟು, ಕೈಮುಗಿದು ಹೋದರು. ಪಕ್ಕದ ಅಂಗಡಿಯಲ್ಲಿ ಎರಡು ಸಮೋಸ ತಿಂದೇ ಹೋದರು, ಅದೂ ಒಳ್ಳೆಯ ಹೊತ್ತಿನಲ್ಲಿ.

ಮುಂದಿನ ಸೋಮವಾರ ಡಾಕ್ಟರ ಫೋನು. ಶ್ರೀಪಾದರಾಯರ ವೀಸಾವೂ ಇನ್ನೊಬ್ಬರ ವೀಸಾವೂ ಇನ್ನೂ ಬಂದಿಲ್ಲ. ಡಾಕ್ಟರ ಬೆಂಗಳೂರಿನ ಸ್ನೇಹಿತರೊಬ್ಬರು ಬೇರೆ ಸೇರಿಕೊಳ್ಳುತ್ತಾರಂತೆ. ಹಾಗಾಗಿ ಪ್ರವಾಸ ಅಕ್ಟೋಬರಿಗೆ. “ಹೇಗೂ ಅಕ್ಟೋಬರ್‌ನಲ್ಲಿ ಅಲ್ಲಿ ಫಾಲ್ ಕಲರ್ಸ್ ನೋಡಬಹುದಲ್ಲಮ್ಮಾ” ಎಂದರು. ಶರತ್ಕಾಲದ ಎಲೆಗಳ ಬಣ್ಣ ನೋಡಲು, ಅದಕ್ಕೇ ಹೆಸರಾದ ನಮ್ಮ ಆಂಟೇರಿಯೊದಿಂದ ಐರ್ಲೆಂಡಿಗೆ ಹೋಗುವ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ನಗು ಬರಬೇಕಿತ್ತು, ಬರಲಿಲ್ಲ. ಹಿಡಿದಿಟ್ಟ ಸೀಟುಗಳಿಗೆ ಟಿಕೆಟ್ ಬರೆಸಲು ಇನ್ನೂ ಕೆಲವು ದಿನ ಗಡುವಿತ್ತು. ಫೋನಿಟ್ಟ ಮೇಲೆ ಆ ಕೆಂಪು ಚೀಲವನ್ನೇ ನೋಡುತ್ತಾ ಕೂತೆ.

ಮರುದಿನ ಗಂಡ ಹೆಂಡತಿ ಬಂದರು. ರಾಯರು ಕೌಂಟರಿನ ಮೇಲೆ ಕೈಯೂರಿ, “ಆ ಚೀಲ ಕೊಡ್ರಿ ವಿಮಲಕ್ಕ, ಟ್ರಿಪ್ ಪೋಸ್ಟ್‌ಪೋನ್ ಆತು” ಎಂದರು.

ನಾನು ಎತ್ತಿಕೊಡಲು ಬಗ್ಗಿದೆ.

“ಬ್ಯಾಡ್ರಿ” ಎಂದಳು ಕಸ್ತೂರಕ್ಕ. ಧ್ವನಿ ಏರಿಸಿರಲಿಲ್ಲ. “ಅದು ಮನಿಗೆ ಬರಂಗಿಲ್ಲ.”

“ಯಾಕ ಬರಂಗಿಲ್ಲ?”

“ಪ್ರಸ್ಥಾನ ಇಟ್ಟೀರಿ. ಇಟ್ಟ ಚೀಲ ಪ್ರವಾಸ ಮಾಡದೇ ಹೊಸ್ತಿಲಾ ದಾಟಿ ಒಳಗ ಬರಬಾರದಂತ ನಿಮ್ಮ ಅವ್ವಾರ ಹೇಳತಿದ್ರು. ನಮ್ಮ ತಮ್ಮನ ಮದಿವಿ ಮುಂದಕ್ಕ ಹೋದಾಗ ನೀವ ಅದನ್ನ ಹಿಡಕೊಂಡು ಕೂತಿದ್ರಿ. ಲಗ್ನ ಇಲ್ಲ, ಏನಿಲ್ಲ, ಪ್ರಸ್ಥಾನ ಇಟ್ಟಾಗೇದಂತ ಬರೇ ಚೀಲ ಹಿಡಕೊಂಡು ಧಾರವಾಡತನಾ ಹೋಗಿ ಬಂದಿದ್ರಿ.”

ರಾಯರು ನನ್ನ ಕಡೆ ನೋಡಿದರು. ನಾನು ಸ್ಟೇಪ್ಲರಿನ ಪಿನ್ನು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೆ.

“ಅದು ಊರಾಗ ಕಸ್ತೂರಿ. ಇದು ಕೆನಡಾ.”

“ಗುರುವಾರ ಇಡೂ ಮುಂದ ಕೆನಡಾ ಇರ್ಲಿಲ್ಲೇನು?”

“ಹಂಗಾದ್ರ ಅಕ್ಟೋಬರ್ ಮಟ ಇಲ್ಲೇ ಇರ್ಲಿ.”

“ಅಷ್ಟು ದಿನಾ ನಡ್ಯಂಗಿಲ್ಲ. ಪ್ರಸ್ಥಾನ ಇಟ್ಟ ಮ್ಯಾಲೆ ಲಗೂನ ಹೊರಡಬೇಕು. ಪಂಚಾಂಗದಾಗ ನೋಡ್ರಿ, ಕಿಸೇದಾಗ ಅದ ಅಲ್ಲ.”

ಕಿಸೆಯಲ್ಲಿ ಇತ್ತು. ಅವರು ತೆಗೆಯಲಿಲ್ಲ, ಅದರಲ್ಲಿ ಏನಿದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. “ನನ್ನ ವೀಸಾ ಬಂದಿಲ್ಲ. ಒಬ್ಬಾಕಿನ ಹ್ಯಾಂಗ ಹೋಗ್ತೀ? ಡಾಕ್ಟರ್ ಏನ ಅಂದಾರು?”

“ಚೀಲ ನನ್ನೊಬ್ಬಾಕೀದೇ ಇಟ್ಟೀರಲ್ಲ” ಎಂದಳು. ಅಷ್ಟು ಹೇಳಿ ಪರ್ಸಿನ ಝಿಪ್ಪು ಎಳೆದು ಮುಚ್ಚಿದಳು.

ಆಗ ಒಳಗಿನ ಬಾಗಿಲು ತೆರೆದು ಜಯಂತ್‌ಭಾಯಿ ಹೊರಬಂದರು. ಕನ್ನಡ ಒಂದಕ್ಷರ ಬರದಿದ್ದರೂ ವ್ಯಾಪಾರ ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತಿತ್ತು ಅವರಿಗೆ. ಚೀಲ ನೋಡಿದರು, ಕಸ್ತೂರಕ್ಕನನ್ನು ನೋಡಿದರು. “ರಾವ್‌ಸಾಬ್, ಧರಮ್ ಕಾ ಮಾಮ್ಲಾ ಹೈ. ಇಸ್ ಮೇಂ ಹಮ್ ಕ್ಯಾ ದೇಖೇಂ? ಏಕ್ ಸೀಟ್ ಅಭೀ ಭೀ ಹೋಲ್ಡ್ ಪೇ ಹೈ.” ಧರ್ಮದ ಮಾತಿನಲ್ಲಿ ನಾವು ನೋಡುವುದೇನಿದೆ, ಒಂದು ಸೀಟು ಇನ್ನೂ ಹಿಡಿದಿಟ್ಟಿದೆ ಎಂದರು. ಅಷ್ಟು ವರ್ಷಗಳಲ್ಲಿ ಅವರು ‘ದೇಖತೇ ಹೈಂ’ ಎನ್ನದೆ ಒಂದು ಮಾತು ಮುಗಿಸಿದ್ದು ಅದೇ ಮೊದಲು.

ರಾಯರು ಕೊನೆಯ ಆಸೆಯೆಂಬಂತೆ ಡಾಕ್ಟರಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಡಾಕ್ಟರು ಮೊದಲು ಮೂಢನಂಬಿಕೆಯ ಮೇಲೆ ಒಂದು ಉಪನ್ಯಾಸ ಕೊಟ್ಟರು. ಆಮೇಲೆ ಕಾಯಿಲೆ ಮರುಕಳಿಸಿತು. “ಹೇಗೂ ಅವರು ಹೋಗ್ತಾರೆ ಅಂದ್ಮೇಲೆ, ಅಕ್ಟೋಬರ್‌ಗೆ ನಮಗೆ ಒಳ್ಳೆ ರೆಸ್ಟೋರೆಂಟ್ ಯಾವ್ದು ಅಂತ ನೋಡ್ಕೊಂಡು ಬರ್ಲಿ ಬಿಡಿ.” ಆ ‘ಹೇಗೂ’ ಒಂದಕ್ಕಾಗಿ ನಾನು ಡಾಕ್ಟರ ಉಳಿದೆಲ್ಲ ‘ಹೇಗೂ’ಗಳನ್ನು ಕ್ಷಮಿಸಿದ್ದೇನೆ.

ಅಂದೇ ಟಿಕೆಟ್ ಬರೆಸಿದೆ. ಮುಂದಿನ ದಿನಗಳಲ್ಲಿ ನನ್ನ ವೃತ್ತಿಯಲ್ಲಿ ಕಲಿತದ್ದನ್ನೆಲ್ಲ ಅವಳ ಮೇಲೆ ಸುರಿದೆ. ಟೊರಾಂಟೊದಿಂದ ನೇರ ಡಬ್ಲಿನ್. ಅಲ್ಲಿಂದ ರೈಲಿನಲ್ಲಿ ಟ್ರಲೀ, ಟ್ರಲೀಯಿಂದ ಬಸ್ಸು, ಭಾನುವಾರ ಬರದಂತೆ ನೋಡಿದೆ. ದಾರಿಯ ಫಲಕಗಳಲ್ಲಿ ಮೊದಲು ಐರಿಷ್ ಭಾಷೆಯ ಹೆಸರಿರುತ್ತದೆ, ಗಾಬರಿಯಾಗಬೇಡ ಎಂದೆ. ನೋರೀನಳ ಮನೆಯ ಹತ್ತಿರವೇ ಒಂದು ಗೆಸ್ಟ್‌ಹೌಸ್, ಬೆಳಗಿನ ತಿಂಡಿಯಲ್ಲಿ ‘ಪುಡಿಂಗ್’ ಎಂದರೆ ಪಾಯಸವಲ್ಲ, ರಕ್ತದಲ್ಲಿ ಮಾಡಿದ್ದು, ಮುಟ್ಟಬೇಡ ಎಂದೆ. ಗೆಳತಿಗೆ ಬೆಳಗಾವಿಯ ಕುಂದಾ ಒಯ್ಯುತ್ತೇನೆಂದಳು. ಹಾಲಿನದು, ಬಿಡುವುದಿಲ್ಲ ಎಂದೆ. ಹಾಗಾದರೆ ತುಪ್ಪ ಹಚ್ಚದ ಶೇಂಗಾ ಹೋಳಿಗೆ ಎಂದು ತೀರ್ಮಾನವಾಯಿತು. ಸ್ಲೀ ಹೆಡ್ ಎಂಬ ಕಡಲಂಚಿನ ರಸ್ತೆಯ ಪ್ರವಾಸಕ್ಕೆ ಸಣ್ಣ ವ್ಯಾನು ಗೊತ್ತು ಮಾಡಿದೆ. ಅದನ್ನು ಎಲ್ಲರೂ ಬಲಕ್ಕೆ ಸುತ್ತುತ್ತಾರೆ, ನಮ್ಮ ಶಾಸ್ತ್ರದ ಪ್ರಕಾರ ಪ್ರದಕ್ಷಿಣೆ ಹಾಕುವ ಏಕೈಕ ಪ್ರವಾಸಿ ರಸ್ತೆ ಅದು ಎಂದು ರಾಯರಿಗೆ ಹೇಳಿದೆ. ಅವರ ಮುಖ ಸ್ವಲ್ಪ ಅರಳಿತು. ಬಂದರಿನಿಂದ ದೋಣಿ, ಕಲ್ಲಿನ ಹಳೆಯ ಪ್ರಾರ್ಥನಾಗೃಹ, ಸಂಜೆ ಸಂಗೀತ, ಒಂದನ್ನೂ ಬಿಡಲಿಲ್ಲ. ನನ್ನ ಬದುಕಿನ ಅತ್ಯಂತ ಅಚ್ಚುಕಟ್ಟಾದ ಯೋಜನೆ ಅದು. ಚೀಲವನ್ನು ಆಫೀಸಿನಿಂದಲೇ ನೇರವಾಗಿ ಏರ್‌ಪೋರ್ಟಿಗೆ ಒಯ್ದರು. ರಾಯರು ದಾರಿಯುದ್ದಕ್ಕೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರಂತೆ.

ಅಕ್ಟೋಬರಿನ ಗುಂಪಿನ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಅದಕ್ಕೆ ಸಲ್ಲಬೇಕಾದದ್ದು ಅಷ್ಟೇ. ಡಾಕ್ಟರು ಎಲ್ಲರನ್ನೂ ಎಲ್ಲ ಊರಿಗೂ ಕರೆದುಕೊಂಡು ಹೋದರು. ಎಲ್ಲ ಕಡೆಯೂ ಮಳೆ. ಫೋಟೋಗಳಲ್ಲಿ ಕೊಡೆಗಳು ಚೆನ್ನಾಗಿ ಬಂದಿವೆ. ಕಸ್ತೂರಕ್ಕ ಹೋಗಲಿಲ್ಲ, ಅಷ್ಟರಲ್ಲಿ ವೀಸಾ ಬಂದಿದ್ದ ರಾಯರು ಹೋದರು. ಡಿಂಗಲ್‌ನಲ್ಲಿ ಬಸ್ಸು ಊಟಕ್ಕೆ ನಿಂತಾಗ ಅವರು ಊಟ ಬಿಟ್ಟು, ವಿಳಾಸ ಕೇಳಿಕೊಂಡು ನೋರೀನಳ ಮನೆಗೆ ಹೋಗಿದ್ದರು. ಮರಳಿದ ಮೇಲೆ ಆಫೀಸಿಗೆ ಬಂದು ಹೇಳಿದರು. “ಮನಿ ಒಳಗ ದೀಪಾ ಹಚ್ಚಿದ್ರು. ಆಕಿಗೆ ನಾ ಕಾಣ್ಲಿಲ್ರಿ ವಿಮಲಕ್ಕ. ಇಷ್ಟು ಸನೇಕ ಕೂತಿದ್ದೆ. ಮಾತಾಡು ಅಂದ್ಲು, ದನಿ ಕೇಳಿ ಕೈ ಹಿಡಕೊಂಡ್ಲು.” ಅಷ್ಟು ಹೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಕಸ್ತೂರಕ್ಕ ಆಫೀಸಿಗೆ ಬಂದದ್ದು ಅದಕ್ಕೂ ಮೊದಲೇ, ಜೂನ್ ಕೊನೆಯಲ್ಲಿ, ಡಿಂಗಲ್‌ನಿಂದ ಮರಳಿದ ಮರುದಿನವೇ. ಕೆಂಪು ಚೀಲ ಹೆಗಲಲ್ಲಿತ್ತು. ಮುಖ ಕಂದಿತ್ತು, ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು. ಐರ್ಲೆಂಡಿಗೆ ಹೋಗಿ ಬಿಸಿಲಿಗೆ ಸುಟ್ಟುಕೊಂಡು ಬಂದ ಗ್ರಾಹಕರನ್ನು ನಾನು ನೋಡಿರಲಿಲ್ಲ. ವೃತ್ತಿಯ ಚಟ, ಕೂರುವ ಮೊದಲೇ ಕೇಳತೊಡಗಿದೆ. ವ್ಯಾನು ಸಮಯಕ್ಕೆ ಬಂತೇ? ದೋಣಿಯಲ್ಲಿ ವಾಂತಿಯಾಗಲಿಲ್ಲವಷ್ಟೇ? ಕಲ್ಲಿನ ಪ್ರಾರ್ಥನಾಗೃಹ ಹೇಗಿತ್ತು?

“ವ್ಯಾನ್ ಬಂದಿತ್ತಂತ, ನಾ ಹೋಗ್ಲಿಲ್ಲ” ಎಂದಳು. “ದೋಣಿಗೂ ಹೋಗ್ಲಿಲ್ಲ. ನೀವು ಅಷ್ಟು ಮಾಡಿದ್ರಿ, ಸಿಟ್ಟಾಗಬ್ಯಾಡ್ರಿ.”

“ಮತ್ತೆ ವಾರವಿಡೀ ಏನ ಮಾಡಿದಿ?”

“ಆಕಿ ಮನಿ ಹಿತ್ತಲದಾಗ ಕೂಡ್ಲಿಕ್ಕೆ ಒಂದ ಕಟಗೀ ಬಾಕ ಅದ. ಮುಂಜಾನಿ ಬಿಸಲ ಬಿದ್ದ ಕೂಡ್ಲೆ ಅಲ್ಲಿ ಕೂಡಿಸ್ತಿದ್ಲು. ನನ್ನ ಮಾರಿ ಎರಡೂ ಕೈಲೆ ಹಿಡದು ಬಿಸಲಿಗೆ ತಿರುವತಿದ್ಲು. ಆಕಿ ತಲಿ ಓರೆ ಮಾಡಿ ನೋಡತಿದ್ಲು. ಬಿಸಲ ಸರಿದ್ರ ಬಾಕಾನೂ ಎಳೀತಿದ್ವಿ. ಸಂಜೀತನಾ ಅದ ಕೆಲಸ. ಹುಬ್ಬಿನ ಮ್ಯಾಲಿನ ಗಾಯದ ಕಲಿ ಹುಡುಕಿದ್ಲು. ಸಿಕ್ಕ ಮ್ಯಾಲೆ ನಕ್ಕಳು. ಒಮ್ಮೊಮ್ಮೆ ಮಾತಾಡತಿದ್ವಿ. ಭಾಳ ಹೊತ್ತು ಮಾತ ಇರ್ತಿರ್ಲಿಲ್ಲ.”

ನನ್ನ ಬಾಯಿಗೆ ಬಂದದ್ದು ಎಲ್ಲ ಗ್ರಾಹಕರನ್ನೂ ಕೇಳುತ್ತಿದ್ದ ಅದೇ ಹಳೆಯ ಮಾತು.

“ಹಂಗಾದ್ರ ಊರ ಹ್ಯಾಂಗಿತ್ತು ಕಸ್ತೂರಕ್ಕ?”

“ಊರ ನಾ ನೋಡ್ಲಿಲ್ರಿ” ಎಂದಳು. “ಆಕಿ ನನ್ನ ನೋಡಿದ್ಲು.”